ತಿರುವಿನಲ್ಲಿ ನಮ್ಮನ್ನು ತಳ್ಳುವುದು ಯಾವುದು? – ಓದುಗರ ವಿಜ್ಞಾನ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಬಸ್ಸು, ಜಾತ್ರೆಯ ತೊಟ್ಟಿಲು, ಟ್ರ್ಯಾಕ್ಟರು, ಘಾಟಿನ ರಸ್ತೆ ಹೀಗೆ ಸುತ್ತುವ, ತಿರುಗುವ ಸಂಗತಿಗಳದ್ದೇ. ಹೀಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿ ಅವಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಚಿಗರಿ ಬಸ್ಸು ಎಡಕ್ಕೆ ತಿರುಗಿದಾಗ ನಾನು ಬಲಕ್ಕೆ ವಾಲುತ್ತೇನೆ. ಯಾರೋ ಹೊರಕ್ಕೆ ತಳ್ಳಿದಂತೆಯೇ ಆಗುತ್ತದೆ. ಪುಸ್ತಕದಲ್ಲಿ ಮಾತ್ರ ಬಲ ಕೇಂದ್ರದ ಕಡೆಗೆ ಎಂದಿದೆ. ಒಳಗಿನ ಬಲ, ಹೊರಗಿನ ಬಲ ಎರಡೂ ಸಮನಾಗಿರುವುದಕ್ಕೇ ವೃತ್ತದಲ್ಲಿ ಸುತ್ತುವುದು ಅಂತ ನನ್ನ ಗೆಳತಿ ಹೇಳುತ್ತಾಳೆ. ಯಾವುದು ಸರಿ?
– ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಪುಸ್ತಕ ಸರಿ. ಗೆಳತಿಯ ಉತ್ತರವನ್ನು ಮೊದಲು ಬದಿಗಿಡಿ, ಏಕೆಂದರೆ ಪರೀಕ್ಷೆಯಲ್ಲಿ ಅತಿ ಹೆಚ್ಚು ಮಂದಿ ಬರೆಯುವ ತಪ್ಪು ಅದೇ. ಎರಡು ಬಲಗಳು ಸಮನಾಗಿ ಎದುರುಬದುರಾದರೆ ಒಟ್ಟು ಬಲ ಸೊನ್ನೆ. ಒಟ್ಟು ಬಲ ಸೊನ್ನೆಯಾದ ವಸ್ತು ನೇರ ಗೆರೆಯಲ್ಲಿ ಹೋಗುತ್ತದೆಯೇ ಹೊರತು ತಿರುಗುವುದಿಲ್ಲ. ತಿರುಗಬೇಕಾದರೆ ಬಲ ಒಂದೇ ಕಡೆಗೆ, ಅಂದರೆ ಒಳಗಡೆಗೆ, ಉಳಿಯಲೇಬೇಕು.

ಇಂಥ ಪ್ರಶ್ನೆ ಬಂದಾಗೆಲ್ಲ ಒಂದು ರೂಢಿ ಮಾಡಿಕೊಳ್ಳಿ: ನನ್ನ ಮೈಗೆ ತಾಗಿಕೊಂಡಿರುವುದು ಏನೇನು? ಬಸ್ಸಿನಲ್ಲಿ ನಿಂತವರಿಗೆ ಕಾಲ ಕೆಳಗಿನ ನೆಲ, ಕೈಯಲ್ಲಿನ ಕಂಬ, ಇಷ್ಟೇ. ಮುಟ್ಟದೆ ಎಳೆಯುವುದು ಭೂಮಿಯ ಗುರುತ್ವ ಒಂದೇ, ಅದೂ ಕೆಳಕ್ಕೆ. ಈ ಪಟ್ಟಿಯಲ್ಲಿ ನಿಮ್ಮನ್ನು ಹೊರಕ್ಕೆ ತಳ್ಳುವುದು ಯಾವುದೂ ಇಲ್ಲ. ಆಗುವುದು ಇಷ್ಟು: ಜಡತ್ವದಿಂದ ಮೈ ನೇರ ಮುಂದಕ್ಕೆ ಹೋಗುತ್ತಿರುತ್ತದೆ, ಬಸ್ಸಿನ ನೆಲ ಎಡಕ್ಕೆ ಸರಿಯುತ್ತದೆ. ನೆಲ ಮತ್ತು ಚಪ್ಪಲಿಯ ನಡುವಿನ ಘರ್ಷಣೆ ಪಾದಗಳನ್ನು ಎಡಕ್ಕೆ ಎಳೆಯುತ್ತದೆ, ಸೊಂಟದಿಂದ ಮೇಲಿನ ಭಾಗ ಹಿಂದುಳಿಯುತ್ತದೆ. ಬುಡ ಎಡಕ್ಕೆ ಹೋಗಿ ತುದಿ ಅಲ್ಲೇ ಉಳಿದರೆ ಒಳಗಿದ್ದವರಿಗೆ ಬಲಕ್ಕೆ ಬಿದ್ದಂತೆಯೇ ಅನಿಸುತ್ತದೆ.

ಕೇಂದ್ರಾಭಿಮುಖ ಬಲ ಎಂಬುದು ಗುರುತ್ವ, ಘರ್ಷಣೆಗಳ ಜೊತೆಗೆ ಬರುವ ಇನ್ನೊಂದು ಬೇರೆ ಬಲವಲ್ಲ. ಘರ್ಷಣೆಯೋ, ಹಗ್ಗದ ಎಳೆತವೋ, ಗೋಡೆಯ ಒತ್ತೋ, ಯಾವುದು ಒಳಕ್ಕೆ ಎಳೆಯುವ ಕೆಲಸ ಮಾಡುತ್ತದೋ ಅದಕ್ಕೆ ಆ ಹೊತ್ತಿನ ಹೆಸರು. ಅಳತೆ: ದ್ರವ್ಯರಾಶಿ × ವೇಗದ ವರ್ಗ ÷ ತ್ರಿಜ್ಯ. ಚಿತ್ರ ಬರೆಯುವಾಗ ಘರ್ಷಣೆಯ ಬಾಣವನ್ನೂ ಹಾಕಿ, ಪಕ್ಕದಲ್ಲಿ ಕೇಂದ್ರಾಭಿಮುಖ ಬಲ ಎಂದು ಇನ್ನೊಂದು ಬಾಣವನ್ನೂ ಹಾಕಿದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತೆ.

ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ ಹಾಗಾದರೆ ಸುಳ್ಳೇ? ಬಸ್ಸಿನೊಳಗೆ ಕೂತು, ಬಸ್ಸೇ ನಿಂತಿದೆ ಎಂದುಕೊಂಡು ಲೆಕ್ಕ ಹಾಕುವವರಿಗೆ ಅದು ಬೇಕು, ಎಂಜಿನಿಯರುಗಳು ದಿನವೂ ಬಳಸುತ್ತಾರೆ. ನೆಲದ ಮೇಲೆ ನಿಂತು ನೋಡುವವರ ಲೆಕ್ಕದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಎರಡೂ ನೋಟಗಳನ್ನು ಒಂದೇ ಚಿತ್ರದಲ್ಲಿ ಬೆರೆಸಬಾರದು.

ಕಣ್ಣಾರೆ ನೋಡಬೇಕೆಂದರೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ನೋಡಿ. 100 ಗ್ರಾಂ ಕಲ್ಲನ್ನು 1 ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 3 ಸುತ್ತು ಬೀಸಿದರೆ ಹಗ್ಗದ ಎಳೆತ ಸುಮಾರು 35 ನ್ಯೂಟನ್, ಅಂದರೆ ಕಲ್ಲಿನ ತೂಕದ 36 ಪಟ್ಟು. ಕಲ್ಲಿನ ಮೇಲೆ ಹೊರಮುಖದ ಬಲವೇ ಇದ್ದಿದ್ದರೆ, ಹಗ್ಗ ಬಿಟ್ಟ ಕೂಡಲೇ ಅದು ಕೈಯಿಂದ ನೇರ ಹೊರಕ್ಕೆ ಚಿಮ್ಮಬೇಕಿತ್ತು. ಹಾಗಾಗುವುದಿಲ್ಲ. ಬಿಟ್ಟ ಬಿಂದುವಿನಲ್ಲಿ ವೃತ್ತಕ್ಕೆ ಎಳೆದ ಸ್ಪರ್ಶರೇಖೆಯ ದಾರಿ ಹಿಡಿಯುತ್ತದೆ. ಕವಣೆ ಬೀಸುವವರು ಗುರಿಗೆ ಎದುರಾಗಿ ಕಲ್ಲು ಬರುವ ಮೊದಲೇ, ಕಾಲು ಸುತ್ತು ಮುಂಚೆ, ಎಳೆ ಬಿಡುವುದು ಅದಕ್ಕೇ.

ಪ್ರಶ್ನೆ: ದಿನಾ ಹುಬ್ಬಳ್ಳಿ-ಧಾರವಾಡ ನಿಂತುಕೊಂಡೇ ಓಡಾಡುತ್ತೇನೆ. ತಿರುವಿನಲ್ಲಿ ಬೀಳದಂತೆ ನಿಲ್ಲುವುದು ಹೇಗೆ?
– ಬ್ಯಾಂಕ್ ಉದ್ಯೋಗಿ, ನವನಗರ

ಬಸ್ಸು ಗಂಟೆಗೆ 30 ಕಿ.ಮೀ. ವೇಗದಲ್ಲಿ 30 ಮೀಟರ್ ತ್ರಿಜ್ಯದ ತಿರುವು ಹಿಡಿದಿದೆ ಎನ್ನಿ. ಕೇಂದ್ರದ ಕಡೆಗಿನ ವೇಗೋತ್ಕರ್ಷ (ವೇಗ ಅಥವಾ ಅದರ ದಿಕ್ಕು ಬದಲಾಗುವ ದರ) 2.3 ಮೀ/ಸೆ². ನಿಮ್ಮ ತೂಕ 60 ಕೆ.ಜಿ. ಆದರೆ ಬೇಕಾಗುವ ಬಲ ಸುಮಾರು 139 ನ್ಯೂಟನ್, ಹೆಚ್ಚುಕಡಿಮೆ 14 ಕೆ.ಜಿ. ಭಾರದಷ್ಟು.

ದೇಹದ ಗುರುತ್ವಕೇಂದ್ರ, ಅಂದರೆ ತೂಕವೆಲ್ಲ ಒಂದೆಡೆ ಕೂಡಿದೆ ಎಂದು ಎಣಿಸುವ ಬಿಂದು, ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದೆ. ಕಾಲು ಜೋಡಿಸಿ ನಿಂತಾಗ ಆಧಾರದ ಅಗಲ ಮಧ್ಯದಿಂದ ಒಂದೊಂದು ಪಕ್ಕಕ್ಕೆ 10 ಸೆಂ.ಮೀ. ಇದ್ದರೆ, 1 ಮೀ/ಸೆ² ದಾಟುತ್ತಲೇ ಮೈ ಉರುಳಲು ಶುರು. ಕಾಲು ಅಗಲಿಸಿ ಅದನ್ನು 20 ಸೆಂ.ಮೀ. ಮಾಡಿದರೆ ಸುಮಾರು 2 ಮೀ/ಸೆ²ವರೆಗೆ ಕೈ ಹಿಡಿಯದೆಯೂ ತಡೆಯಬಹುದು. ಆದರೆ ಅಗಲಿಸುವುದು ಬಸ್ಸಿನ ಅಡ್ಡಕ್ಕೆ ಇರಬೇಕು. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟರೆ ಬ್ರೇಕಿಗೆ ಒಳ್ಳೆಯದು, ತಿರುವಿಗೆ ಉಪಯೋಗವಿಲ್ಲ. ಎರಡಕ್ಕೂ ಆಗುವಂತೆ ಓರೆಯಾಗಿ ನಿಲ್ಲುವುದು ಮೇಲು.

ಕೈ ಎಲ್ಲಿ ಹಿಡಿಯಬೇಕು ಎಂಬುದೂ ಮುಖ್ಯ. ಮೇಲಿನ ಲೆಕ್ಕದಲ್ಲೇ, ಕಾಲು ಜೋಡಿಸಿ ನಿಂತು, ಸೊಂಟದ ಎತ್ತರದ ಸರಳು ಹಿಡಿದರೆ ಕೈ ಸುಮಾರು 80 ನ್ಯೂಟನ್ ಎಳೆಯಬೇಕು, 1.8 ಮೀಟರ್ ಎತ್ತರದ ಸರಳಾದರೆ 44 ನ್ಯೂಟನ್ ಸಾಕು. ಎತ್ತರದಲ್ಲಿ ಹಿಡಿದಷ್ಟೂ ಕೈಗೆ ಭಾರ ಕಡಿಮೆ. ಬೆನ್ನಿಗೆ ಹಾಕಿದ ಬ್ಯಾಗನ್ನು ಇಳಿಸಿ ಪಾದದ ಹತ್ತಿರ ಇಡಿ, ಗುರುತ್ವಕೇಂದ್ರ ಕೆಳಗಿಳಿಯುತ್ತದೆ. ಹಿಂದಿನವರ ಮುಖಕ್ಕೆ ಬ್ಯಾಗು ಬಡಿಯುವುದೂ ತಪ್ಪುತ್ತದೆ.

ಪ್ರಶ್ನೆ: ಸರ್, ತೋಂಟದಾರ್ಯ ಜಾತ್ರ್ಯಾಗ ದೊಡ್ಡ ತೊಟ್ಟಿಲದಾಗ ಕುಂತಾಗ ಮ್ಯಾಲ ಹೋದ ಕೂಡ್ಲೆ ಹೊಟ್ಯಾಗ ಝಲ್ ಅಂತೈತಿ, ಕೆಳಗ ಬಂದಾಗ ಮೈ ಭಾರ ಆಗ್ತೈತಿ. ತೂಕ ಖರೇನ ಬದಲಾಗ್ತೈತೇನು?
– ಗದಗ

ಭೂಮಿ ನಿಮ್ಮನ್ನು ಎಳೆಯುವುದರಲ್ಲಿ ಏನೂ ಬದಲಾಗುವುದಿಲ್ಲ. ಸೀಟು ನಿಮ್ಮನ್ನು ಮೇಲಕ್ಕೆ ಒತ್ತುವ ಬಲ ಬದಲಾಗುತ್ತದೆ, ಮೈಗೆ ತೂಕವೆಂದು ತಿಳಿಯುವುದು ಅದೇ. 8 ಮೀಟರ್ ತ್ರಿಜ್ಯದ ತೊಟ್ಟಿಲು 10 ಸೆಕೆಂಡಿಗೆ ಒಂದು ಸುತ್ತು ಬಂದರೆ ವೇಗೋತ್ಕರ್ಷ ಸುಮಾರು 3.2 ಮೀ/ಸೆ². ತುದಿಯಲ್ಲಿ ಕೇಂದ್ರ ನಿಮ್ಮ ಕೆಳಗಿದೆ. ಒಳಕ್ಕೆ ಎಳೆಯುವ ಕೆಲಸಕ್ಕೆ ಗುರುತ್ವದ ಒಂದು ಪಾಲು ಖರ್ಚಾಗುತ್ತದೆ, ಸೀಟು ಉಳಿದಷ್ಟನ್ನು ಹೊತ್ತರೆ ಸಾಕು. 60 ಕೆ.ಜಿ.ಯವರು ಅಲ್ಲಿ ತಕ್ಕಡಿಯ ಮೇಲೆ ಕೂತರೆ ಸುಮಾರು 41 ತೋರಿಸುತ್ತದೆ. ಬುಡದಲ್ಲಿ ಸೀಟು ಗುರುತ್ವವನ್ನೂ ತಡೆದು ಮೇಲಕ್ಕೂ ಒತ್ತಬೇಕು, ಆಗ 79. ಜಠರ, ಕರುಳುಗಳಿಗೂ ಇದೇ ಲೆಕ್ಕ. ದಿನವೂ ತಮ್ಮ ಭಾರದಿಂದ ಕೆಳಕ್ಕೆ ಜಗ್ಗಿಕೊಂಡಿರುವ ಅವು ತುದಿಯಲ್ಲಿ ಹಗುರಾಗುತ್ತವೆ. ಆ ಝಲ್ ಎನ್ನುವುದು ಅದೇ.

ಕೂರುವ ಮೊದಲು ಕೆಳಗೆ ನಿಂತು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಒಂದು ಸುತ್ತಿನ ಸಮಯ ನೋಡಿ. ಇದೇ ಅಳತೆಯ ತೊಟ್ಟಿಲು 8 ಸೆಕೆಂಡಿಗೆ ಸುತ್ತಿದರೆ ತುದಿಯಲ್ಲಿ ತೂಕ ಅರ್ಧವಾಗುತ್ತದೆ, 5.7 ಸೆಕೆಂಡಿಗೆ ಸುತ್ತಿದರೆ ಸೀಟಿನ ಒತ್ತು ಸೊನ್ನೆ, ಮೈ ಸೀಟು ಬಿಡುತ್ತದೆ. 8 ಸೆಕೆಂಡಿಗಿಂತ ಜೋರಾಗಿ ಸುತ್ತುತ್ತಿದ್ದರೆ ಸಣ್ಣ ಮಕ್ಕಳನ್ನು ಕೂರಿಸಬೇಡಿ. ಬಾಗಿಲಿನ ಚಿಲಕಕ್ಕೆ ಪಿನ್ನು ಹಾಕಿದ್ದಾರೆಯೇ ಎಂದು ಕೈಯಿಂದ ಎಳೆದು ನೋಡಿ. ಜನರನ್ನು ಎದುರುಬದುರು ತೊಟ್ಟಿಲುಗಳಿಗೆ ಹಂಚಿ ತುಂಬುತ್ತಿದ್ದಾರೆಯೇ ಗಮನಿಸಿ. ಒಂದೇ ಕಡೆ ತುಂಬಿದರೆ ಭಾರದ ಕಡೆ ಇಳಿಯುವಾಗ ಓಟ ಹೆಚ್ಚಿ, ಏರುವಾಗ ಎಳೆದಾಡಿ, ಮೋಟಾರು ಮತ್ತು ಬ್ರೇಕಿನ ಮೇಲೆ ಭಾರ ಬೀಳುತ್ತದೆ.

ಪ್ರಶ್ನೆ: ಜಾತ್ರೆಯ ಸಾವಿನ ಬಾವಿಯಲ್ಲಿ (ನೆಟ್ಟಗಿನ ಹಲಗೆ ಗೋಡೆಯ ಮೇಲೆ ಸುತ್ತುವ ಆಟ) ಬೈಕು ಗೋಡೆಗೆ ಅಂಟಿಕೊಂಡು ಓಡುವುದು ಹೇಗೆ? ಹಿಂದೆ ಇನ್ನೊಬ್ಬರು ಕೂತರೆ ವೇಗ ಹೆಚ್ಚು ಬೇಕೇ?
– ಹಾವೇರಿ

ಗೋಡೆ ಬೈಕನ್ನು ಕೇಂದ್ರದ ಕಡೆಗೆ ಒತ್ತುತ್ತದೆ. ಒತ್ತು ಹೆಚ್ಚಿದಷ್ಟೂ ಟೈರಿಗೂ ಹಲಗೆಗೂ ನಡುವಿನ ಘರ್ಷಣೆ ಹೆಚ್ಚು, ಕೆಳಗೆ ಬೀಳದಂತೆ ಹಿಡಿಯುವುದು ಆ ಘರ್ಷಣೆ. 5 ಮೀಟರ್ ತ್ರಿಜ್ಯದ ಬಾವಿಯಲ್ಲಿ ಘರ್ಷಣಾ ಗುಣಾಂಕ (ಒತ್ತಿನ ಎಷ್ಟು ಪಾಲು ಘರ್ಷಣೆ ಸಿಗಬಹುದು ಎಂಬ ಅಳತೆ) 0.6 ಇದ್ದರೆ ಕನಿಷ್ಠ ವೇಗ ಗಂಟೆಗೆ ಸುಮಾರು 33 ಕಿ.ಮೀ., 0.8 ಇದ್ದರೆ 28. ಲೆಕ್ಕದಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ, ಹೀಗಾಗಿ ಇಬ್ಬರು ಕೂತರೂ ಅದೇ ವೇಗ ಸಾಕು. ಎಂಜಿನ್ನಿಗೆ ಮಾತ್ರ ದುಡಿಮೆ ಹೆಚ್ಚು.

ಸವಾರನ ಮೈಗೆ ಇದು ಕಷ್ಟದ ಕೆಲಸ. ಗಂಟೆಗೆ 40 ಕಿ.ಮೀ. ವೇಗದಲ್ಲಿ ವೇಗೋತ್ಕರ್ಷ ಗುರುತ್ವದ ಎರಡೂವರೆ ಪಟ್ಟು. ರಕ್ತ ತಲೆಯಿಂದ ಕಾಲಿನ ಕಡೆಗೆ ಜಗ್ಗುತ್ತದೆ, ರೂಢಿ ಇಲ್ಲದವರಿಗೆ ಕಣ್ಣು ಕತ್ತಲೆ ಬರುತ್ತದೆ. ಬೈಕು ಪೂರ್ತಿ ಅಡ್ಡ ಮಲಗಿರುವುದೂ ಇಲ್ಲ, ಆ ವೇಗದಲ್ಲಿ ಸವಾರನ ತಲೆ ಅಡ್ಡಗೆರೆಗಿಂತ ಸುಮಾರು 22 ಡಿಗ್ರಿ ಮೇಲಕ್ಕೆ ಎದ್ದಿರುತ್ತದೆ. ಹಾಗೆ ಓರೆಯಾಗಿರುವುದರಿಂದ ಗುರುತ್ವ ಮತ್ತು ಸುತ್ತಾಟ ಎರಡೂ ಸೇರಿದ ಒತ್ತು ಸೀಟಿನ ಕಡೆಗೇ ಬೀಳುತ್ತದೆ, ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲು ರಸ್ತೆಯ ಮೇಲಿದ್ದಾಗಿನಂತೆಯೇ ನಿಲ್ಲುತ್ತದೆ. ಅಪಾಯ ಬರುವುದು ಗೋಡೆಗೆ ಎಣ್ಣೆ ಸಿಡಿದಾಗ, ಹಲಗೆ ಸಡಿಲಾದಾಗ, ಎಂಜಿನ್ ತಪ್ಪಿದಾಗ.

ಪ್ರಶ್ನೆ: ಗೋವಿನಜೋಳದ ಚೀಲ, ಕಣಕಿ ಹೇರಿದ ಟ್ರೇಲರು ತಿರುವಿನಲ್ಲಿ ಮಗುಚುವುದು ಯಾಕೆ? ಟೈರು ಜಾರದಿದ್ದರೂ ಉರುಳುತ್ತದಲ್ಲ.
– ರೈತರು, ರಾಣೆಬೆನ್ನೂರು ತಾಲ್ಲೂಕು

ಜಾರದೇ ಇರುವುದರಿಂದಲೇ ಉರುಳುತ್ತದೆ. ಟೈರನ್ನು ಒಳಕ್ಕೆ ಎಳೆಯುವ ಘರ್ಷಣೆ ನೆಲಮಟ್ಟದಲ್ಲಿ, ಹೇರಿನ ಗುರುತ್ವಕೇಂದ್ರ ಎಲ್ಲೋ ಮೇಲೆ. ಬುಡ ಒಳಕ್ಕೆ ಹೋಗುತ್ತದೆ, ತಲೆ ಹೊರಕ್ಕೆ ಉಳಿಯುತ್ತದೆ. ಚಕ್ರಗಳ ನಡುವಿನ ಅಗಲ 1.5 ಮೀಟರ್, ಎತ್ತರಕ್ಕೆ ಕಣಕಿ ಹೇರಿ ಗುರುತ್ವಕೇಂದ್ರ 1.8 ಮೀಟರಿಗೆ ಏರಿದ್ದರೆ, 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 28 ಕಿ.ಮೀ.ಗೆ ಒಳಬದಿಯ ಚಕ್ರ ನೆಲ ಬಿಡುತ್ತದೆ. ಅದನ್ನೇ 1.2 ಮೀಟರಿಗೆ ಇಳಿಸಿದರೆ ಮಿತಿ ಸುಮಾರು 34ಕ್ಕೆ ಏರುತ್ತದೆ. ಇದು ಸಪಾಟು ರಸ್ತೆಯ, ಅಲ್ಲಾಡದ ಹೇರಿನ ಲೆಕ್ಕ. ಹೊರಬದಿಯ ಟೈರು ಅದುಮಿಕೊಳ್ಳುವುದು, ಹೇರು ಹೊರಕ್ಕೆ ಸರಿಯುವುದು, ಗುಂಡಿ, ರಸ್ತೆ ಅಂಚಿನ ಇಳಿಜಾರು ಎಲ್ಲ ಸೇರಿದರೆ ಮಿತಿ ಇನ್ನೂ ಬಹಳ ಕೆಳಗೆ ಬರುತ್ತದೆ. ಅಂಥ ತಿರುವಿಗೆ 10-12ಕ್ಕೆ ಇಳಿಸಿಯೇ ಬನ್ನಿ.

ಚೀಲಗಳನ್ನು ಕೆಳಗೆ, ಕಣಕಿಯನ್ನು ಮೇಲೆ ಹೇರಿ. ಹಗ್ಗವನ್ನು ಅಡ್ಡಕ್ಕೂ ಉದ್ದಕ್ಕೂ ಬಿಗಿಯಿರಿ, ಅರ್ಧ ದಾರಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ, ಹೇರು ಕೂತಂತೆ ಹಗ್ಗ ಸಡಿಲಾಗುತ್ತದೆ. ಬ್ರೇಕನ್ನು ತಿರುವಿಗೆ ಮೊದಲೇ ಹಾಕಿ. ತಿರುವಿನ ಒಳಗೆ ಹಾಕಿದರೆ ಬ್ರೇಕಿಲ್ಲದ ಟ್ರೇಲರು ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸುತ್ತದೆ. ನೀರಿನ ಟ್ಯಾಂಕರ್ ಆದರೆ ಪೂರ್ತಿ ತುಂಬಿದ್ದಕ್ಕಿಂತ ಅರ್ಧ ತುಂಬಿದ್ದರ ಮೇಲೆ ಹೆಚ್ಚು ಎಚ್ಚರ ಬೇಕು, ನೀರು ಹೊರಬದಿಗೆ ಏರಿ ನಿಲ್ಲುತ್ತದೆ.

ಇನ್ನು ಹೇರಿನ ಮೇಲೆ ಕೂಲಿಯವರನ್ನು ಕೂರಿಸುವುದು. ಅವರನ್ನು ಒಳಕ್ಕೆ ಎಳೆಯಲು ಇರುವುದು ಚೀಲದ ಮೇಲಿನ ಘರ್ಷಣೆ ಮಾತ್ರ. ಟ್ರೇಲರು ಗುಂಡಿಗೆ ಬಿದ್ದು ಎದ್ದ ಕ್ಷಣದಲ್ಲಿ ಮೈ ಚೀಲದಿಂದ ಮೇಲೇಳುತ್ತದೆ, ಒತ್ತು ಇಲ್ಲದ ಕಡೆ ಘರ್ಷಣೆಯೂ ಇಲ್ಲ. ಟ್ರೇಲರು ತಿರುಗುತ್ತದೆ, ಮನುಷ್ಯ ನೇರ ಹೋಗುತ್ತಾನೆ, ಮೂರು ಮೀಟರ್ ಎತ್ತರದಿಂದ. ಕಾನೂನಿನಲ್ಲೂ ಇದಕ್ಕೆ ಅವಕಾಶವಿಲ್ಲ. ದಯವಿಟ್ಟು ಕೂರಿಸಬೇಡಿ.

ಪ್ರಶ್ನೆ: ಬೈಕು ತಿರುವಿನಲ್ಲಿ ಎಷ್ಟು ವಾಲಿಸಬೇಕು? ರಸ್ತೆಯ ಮೇಲೆ ರಾಶಿ ಮಾಡಲು ಕಾಳು ಹಾಕಿದ್ದಾಗ ಏನು ಮಾಡಬೇಕು?
– ಅಣ್ಣಿಗೇರಿ

40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 50 ಕಿ.ಮೀ.ನಲ್ಲಿ ಹಿಡಿದರೆ ಸುಮಾರು 26 ಡಿಗ್ರಿ ವಾಲಬೇಕು, ಘರ್ಷಣಾ ಗುಣಾಂಕ 0.49 ಬೇಕು. ಒಣ ಡಾಂಬರಿನಲ್ಲಿ 0.7 ಸಿಗುತ್ತದೆ ಎಂದಿಟ್ಟುಕೊಂಡರೆ ಅಂಚಿನ ವೇಗ 60 ಕಿ.ಮೀ. ಒದ್ದೆಯಾಗಿ 0.4ಕ್ಕೆ ಇಳಿದರೆ 45. ಕಾಳು ಹರಡಿದ್ದಾಗ, ಮಳೆ ನಿಂತ ಮೇಲೆ ಟ್ರ್ಯಾಕ್ಟರು ಹೊಲದಿಂದ ಎರೆಮಣ್ಣು ತಂದು ಮೆತ್ತಿದ್ದಾಗ 0.2 ಎಂದು ಹಿಡಿದರೂ 32 ಕಿ.ಮೀ., ನಿಜದಲ್ಲಿ ಇನ್ನೂ ಕಡಿಮೆಯಾಗಬಹುದು. ಟೈರು ಕಾಳಿನ ಮೇಲೆ ಉರುಳಿದರೆ ರಸ್ತೆಯನ್ನು ಮುಟ್ಟುವುದೇ ಇಲ್ಲ.

ಟೈರಿನ ಹಿಡಿತ ಒಂದೇ, ತಿರುಗಲೂ ಬ್ರೇಕಿಗೂ ಅದರಲ್ಲೇ ಪಾಲು. ಪೂರ್ತಿ ಹಿಡಿತ ತಿರುಗಲು ಖರ್ಚಾಗಿದ್ದಾಗ ಮುಂದಿನ ಬ್ರೇಕು ಒತ್ತಿದರೆ ಮುಂಚಕ್ರ ಜಾರುತ್ತದೆ, ಸಾವರಿಸಿಕೊಳ್ಳಲು ಸಮಯವೇ ಸಿಗದು. ಕಾಳು ಕಂಡ ಕೂಡಲೇ, ನೇರ ರಸ್ತೆಯಲ್ಲೇ ವೇಗ ಇಳಿಸಿ, ಬೈಕನ್ನು ನೆಟ್ಟಗೆ ಇಟ್ಟುಕೊಂಡು ಕ್ಲಚ್ಚು-ಬ್ರೇಕು ಮುಟ್ಟದೆ ದಾಟಿ. ಹಿಂದೆ ಕೂತವರು ಸವಾರರ ಜೊತೆಗೇ ವಾಲಬೇಕು, ಹೆದರಿ ಎದುರು ದಿಕ್ಕಿಗೆ ವಾಲಿದರೆ ಬೈಕನ್ನು ಇನ್ನೂ ಹೆಚ್ಚು ಮಲಗಿಸಬೇಕಾಗುತ್ತದೆ. ಒಂದೇ ಬದಿಗೆ ಕಾಲು ಹಾಕಿ ಕೂತವರಿದ್ದರೆ ಭಾರ ಮೊದಲೇ ಆ ಕಡೆಗಿರುತ್ತದೆ, ನೇರ ಹೋಗುವಾಗಲೂ ಬೈಕು ಸ್ವಲ್ಪ ಓರೆ. ಹಾಗಿದ್ದಾಗ ತಿರುವಿಗೆ ವೇಗ ಇನ್ನೊಂದಿಷ್ಟು ತಗ್ಗಿಸಿ.

ಪ್ರಶ್ನೆ: ರೈಲು ಜೋರಾಗಿ ತಿರುವು ದಾಟುವಾಗ ಏನೂ ಗೊತ್ತಾಗುವುದಿಲ್ಲ, ಅದೇ ತಿರುವಿನಲ್ಲಿ ಸಿಗ್ನಲ್ಲಿಗೆ ನಿಂತರೆ ಒಳಕ್ಕೆ ವಾಲಿದಂತಾಗುತ್ತದೆ. ಯಾಕೆ?
– ಹುಬ್ಬಳ್ಳಿ

ಹೊರಬದಿಯ ಹಳಿಯನ್ನು ಎತ್ತರಿಸಿ ಕೂರಿಸಿರುತ್ತಾರೆ, ಬ್ರಾಡ್‌ಗೇಜಿನಲ್ಲಿ ಸಾಮಾನ್ಯವಾಗಿ 165 ಮಿ.ಮೀ.ವರೆಗೆ. ಗಾಡಿ ಒಳಕ್ಕೆ ಓರೆಯಾಗುವುದರಿಂದ ಹೊರಕ್ಕೆ ವಾಲಿದಂತೆ ಅನಿಸುವುದು ತಗ್ಗುತ್ತದೆ. 875 ಮೀಟರ್ ತ್ರಿಜ್ಯದ ತಿರುವಿನಲ್ಲಿ 100 ಕಿ.ಮೀ. ವೇಗಕ್ಕೆ ಪೂರ್ತಿ ಸರಿಹೊಂದಲು 157 ಮಿ.ಮೀ. ಬೇಕು. ಗೂಡ್ಸ್ ಗಾಡಿಗಳೂ ಅದೇ ಹಳಿಯಲ್ಲಿ ನಿಧಾನ ಹೋಗುವುದರಿಂದ 100 ಮಿ.ಮೀ. ಮಾತ್ರ ಕೊಟ್ಟಿದ್ದಾರೆ ಎನ್ನಿ. ಆಗ ಪ್ರಯಾಣಿಕರಿಗೆ ಹೊರಕ್ಕೆ ಅನಿಸುವುದು ಬರೀ 0.3 ಮೀ/ಸೆ², ಮೇಲಿನ ಬಸ್ಸಿನ ಲೆಕ್ಕದ ಏಳರಲ್ಲಿ ಒಂದು ಪಾಲು. ಅಲ್ಲೇ ಗಾಡಿ ನಿಂತರೆ 100 ಮಿ.ಮೀ. ಓರೆ ಪೂರ್ತಿ ಉಳಿದು 0.56 ಮೀ/ಸೆ²ನಷ್ಟು ಒಳಕ್ಕೆ ಎಳೆಯುತ್ತದೆ. ಓಡುವಾಗಿನದಕ್ಕಿಂತ ನಿಂತಾಗಿನ ವಾಲು ಹೆಚ್ಚು ಗೊತ್ತಾಗುವುದು ಹೀಗೆ.

ಪ್ರಶ್ನೆ: ಭೂಮಿ ಇಷ್ಟು ಜೋರಾಗಿ ತಿರುಗಿದರೂ ನಾವು ಯಾಕೆ ಹಾರಿಹೋಗುವುದಿಲ್ಲ?
– 8ನೇ ತರಗತಿ, ಲಕ್ಷ್ಮೇಶ್ವರ

ನಮ್ಮ ಭಾಗದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಆದರೆ ತ್ರಿಜ್ಯ 6,000 ಕಿ.ಮೀ.ಗಿಂತ ಹೆಚ್ಚು, ಹೀಗಾಗಿ ಬೇಕಾಗುವ ವೇಗೋತ್ಕರ್ಷ 0.033 ಮೀ/ಸೆ² ಮಾತ್ರ. ಗುರುತ್ವ 9.8 ಇದೆ. 60 ಕೆ.ಜಿ.ಯವರ ತೂಕದಲ್ಲಿ ಇದರಿಂದ ಕಡಿಮೆಯಾಗುವುದು ಸುಮಾರು 190 ಗ್ರಾಂನಷ್ಟು.

ಪ್ರಶ್ನೆ: ಅಂಕೋಲಾ ಕಡೆ ಹೋಗುವಾಗ ಅರಬೈಲ್ ಘಾಟಿನಲ್ಲಿ ಮಗಳು ಪ್ರತಿ ಸಲವೂ ವಾಂತಿ ಮಾಡಿಕೊಳ್ಳುತ್ತಾಳೆ. ವಯಸ್ಸು 7. ಏನು ಮಾಡಬಹುದು?
– ತಾಯಿ, ಹುಬ್ಬಳ್ಳಿ

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ, ತಲೆ ತಿರುಗಿದ್ದನ್ನು ಅವು ಹೇಳುತ್ತವೆ. ಪಕ್ಕದಲ್ಲೇ ಸಣ್ಣ ಹರಳುಗಳಿರುವ ಚೀಲಗಳು ಎಳೆತದ ದಿಕ್ಕನ್ನು ಹೇಳುತ್ತವೆ. ತಿರುವಿನಲ್ಲಿ ಈ ಎರಡೂ ಚಲನೆಯ ಸುದ್ದಿ ಕಳಿಸುತ್ತಿರುವಾಗ ಕಣ್ಣು ಮೊಬೈಲಿನ ಮೇಲೋ ಮುಂದಿನ ಸೀಟಿನ ಬೆನ್ನಿನ ಮೇಲೋ ಇದ್ದು ಏನೂ ಅಲ್ಲಾಡುತ್ತಿಲ್ಲ ಎನ್ನುತ್ತದೆ. ಈ ತಾಳೆಯಾಗದ ಸುದ್ದಿಯಿಂದ ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದವರಲ್ಲಿ ಇದು ಹೆಚ್ಚು, ದೊಡ್ಡವರಾದಂತೆ ಬಹುತೇಕ ಮಕ್ಕಳಲ್ಲಿ ತಗ್ಗುತ್ತದೆ.

ಬಸ್ಸಾದರೆ ಮುಂದಿನ ಸಾಲಿನಲ್ಲಿ, ರಸ್ತೆ ಕಾಣುವ ಕಡೆ ಕೂರಿಸಿ. ಹಿಂದಿನ ಚಕ್ರದಾಚೆಯ ಸೀಟು ಬೇಡ, ಅಲ್ಲಿ ಕುಲುಕಾಟವೂ ಸೇರುತ್ತದೆ. ಕಾರಾದರೆ ಹಿಂದಿನ ಸೀಟಿನ ನಡುವೆ, ಮುಂದಿನ ಗಾಜು ಕಾಣುವಷ್ಟು ಎತ್ತರಕ್ಕೆ, ಬೆಲ್ಟು ಹಾಕಿ ಕೂರಿಸಿ. ತಲೆ ಅತ್ತಿತ್ತ ಹೊರಳದಂತೆ ಸೀಟಿಗೆ ಒರಗಿಸಿ. ಚಾಲಕರಿಗೆ ತಿರುವಿನಲ್ಲಿ 30ರ ಬದಲು 25ಕ್ಕೆ ಹೋಗಲು ಹೇಳಿ. ವೇಗ ಇಳಿಯುವುದು ಆರನೇ ಒಂದು ಪಾಲು, ಪಕ್ಕಕ್ಕೆ ಎಳೆಯುವ ಬಲ ಇಳಿಯುವುದು ಶೇ. 30. ಹೊರಡುವ ಮೊದಲು ಗಿರಮಿಟ್ಟು-ಮಿರ್ಚಿ ಬೇಡ, ತೀರಾ ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿಯಷ್ಟು ಸಾಕು. ವಾಂತಿ ತಡೆಯುವ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ. ಪ್ರಯಾಣಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಕೊಟ್ಟರಷ್ಟೇ ಅದು ಕೆಲಸ ಮಾಡುತ್ತದೆ, ಘಾಟು ಶುರುವಾದ ಮೇಲೆ ನುಂಗಿಸಿದ್ದು ವಾಂತಿಯಲ್ಲೇ ಹೋಗುತ್ತದೆ. ಯಲ್ಲಾಪುರದಲ್ಲೇ ಒಮ್ಮೆ ಇಳಿಸಿ ಹತ್ತು ನಿಮಿಷ ಓಡಾಡಿಸಿ. ಘಾಟಿನ ನಡುವೆ ನಿಲ್ಲಿಸಲೇಬೇಕಾದರೆ ತಿರುವಿನಲ್ಲಿ ಬೇಡ, ಹಿಂದಿನ ವಾಹನಕ್ಕೆ ದೂರದಿಂದ ಕಾಣುವ ಅಗಲದ ಜಾಗ ನೋಡಿ ನಿಲ್ಲಿಸಿ, ನೀರನ್ನು ಗುಟುಕು ಗುಟುಕಾಗಿ ಕೊಡಿ.